ಯಾರು ಬೇಕು, ಆರಿಸಿ

ಅಮ್ಮ (ಮೈಸೂರಿನಿಂದ): ಗಂಟಲು ನೋವು ಅಂತಿದ್ದೆ, ಡಾಕ್ಟರ ಹತ್ರ ಹೋದ್ಯೇನೋ?

ಮಗ (ಇಂಗ್ಲೆಂಡಿನಿಂದ): ಕ್ಲಿನಿಕ್ಕಿನ ವೆಬ್‌ಸೈಟಲ್ಲೇ ಇದೀನಮ್ಮ. ಜಿಪಿ, ನರ್ಸ್, ಫಾರ್ಮಸಿಸ್ಟ್, ಫಿಸಿಯೋ, ಸೋಷಿಯಲ್ ಪ್ರಿಸ್ಕ್ರೈಬರ್... ಯಾರು ಬೇಕೋ ನೀವೇ ಆರಿಸಿ ಅಂತಿದೆ.

ಅಮ್ಮ: ಅದು ಗೊತ್ತಿದ್ರೆ ನೀನೇ ಡಾಕ್ಟರ್ ಆಗ್ತಿದ್ದೆ.

ಮಗ: ಎಲ್ಲರ ಫೋಟೋನೂ ಇದೆ, ಎಲ್ಲರೂ ನಗ್ತಿದಾರೆ. ಯಾರು ಏನು ನೋಡ್ತಾರೆ ಅನ್ನೋದೊಂದೇ ಇಲ್ಲ.

ಅಮ್ಮ: ನಿಂಗೆ ಹೆಣ್ಣು ಹುಡುಕೋವಾಗ್ಲೂ ಇಷ್ಟು ಫೋಟೋ ತರಿಸಿರ್ಲಿಲ್ಲ.

ಮಗ: ಹಾಂ, ಸಿಕ್ತು! ಕುಕಿ ಒಪ್ಪಿಗೆ ಕೇಳೋ ಬಾಕ್ಸ್ ಹಿಂದೆ ಅಡಗಿತ್ತು. 2024ರ ಜನವರಿಯಿಂದ ಗಂಟಲು ನೋವೂ ಸೇರಿ 7 ಕಾಯಿಲೆಗೆ ಔಷಧಿ ಅಂಗಡಿ ಫಾರ್ಮಸಿಸ್ಟೇ ನೋಡಿ, ಬೇಕಿದ್ರೆ ಆಂಟಿಬಯಾಟಿಕ್ಕೂ ಕೊಡ್ತಾರಂತೆ.

ಅಮ್ಮ: ನಮ್ಮ ಬೀದಿ ಮೆಡಿಕಲ್ ಶಾಪಿನ ಹುಡುಗ ಯಾವತ್ತಿಂದ್ಲೋ ಕೊಡ್ತಿದಾನೆ, ವೆಬ್‌ಸೈಟೇ ಇಲ್ದೆ!

ಮಗ: ಇಲ್ಲಿಯವರು ಓದಿ ಬಂದು ಕೊಡ್ತಾರಮ್ಮ.