ತಲೆಕೆಳಗಾದ ಬೋರು

ಕಡ್ಲೇಕಾಯಿ ಕಿತ್ತು ಮುಗಿದ ಮೇಲೆ ಆಂಧ್ರದ ಅಂಚಿನ ಕನ್ನಡದೂರು ನಮ್ಮ ರೊಳ್ಳದಲ್ಲಿ ಎರಡೇ ಕೆಲಸ: ಸಾಲದ ಲೆಕ್ಕ ಹಾಕುವುದು, ಇಲ್ಲವೇ ದೇವರಿಗೆ ಹೋಗುವುದು. ಆ ವರ್ಷ ಲೆಕ್ಕ ಎಷ್ಟು ಹಾಕಿದರೂ ಕೂಡಿಬರಲಿಲ್ಲ. ಹಳೇ ಜೀಪೊಂದನ್ನು ಬಾಡಿಗೆಗೆ ಹಿಡಿದು ಮನೆಮಂದಿಯೆಲ್ಲ ತಲಕೋನ ಜಲಪಾತಕ್ಕೆ ಹೊರಟೆವು. ಅಲ್ಲಿ ಸಿದ್ಧೇಶ್ವರನ ಗುಡಿ ಇರುವುದರಿಂದ ಸೋದರತ್ತೆ ಒಪ್ಪಿದರು. ಬರೀ ನೀರು ನೋಡಲಿಕ್ಕೆ ಡೀಸೆಲ್ ಸುಡುವ ಪೈಕಿ ಅವರಲ್ಲ. ಹತ್ತುವಾಗ ಅವರ ಕೈಯಲ್ಲಿ ಎರಡು ಖಾಲಿ ಕ್ಯಾನು.

"ಅಲ್ಲಿನ ನೀರು ಬೇರು-ನಾರಿನ ಮೇಲೆ ಹರಿದು ಬತ್ತದಂತೆ ಕಣೋ. ಮಂಡಿನೋವಿಗೆ ಒಳ್ಳೇದು."

ಹಿಂದೂಪುರ, ಕದಿರಿ ದಾಟಿ ಶೇಷಾಚಲದ ಕಾಡು ಸೇರಿದೆವು. ಗೇಟಿನಲ್ಲಿದ್ದವನು ನಮ್ಮ ಮಾತು ಕೇಳಿ "ಕರ್ನಾಟಕಾನಾ?" ಎಂದ. ಶಿರಾ ಸಂತೆಗೆ ಹೋದರೆ ನಾವು ಆಂಧ್ರದವರು. ಕೋತಿಗಳಿಗೆ ಈ ತಕರಾರಿಲ್ಲ. ಊರು ಭಾಷೆ ಒಂದೂ ಕೇಳದೆ ರೊಟ್ಟಿಗಂಟು ಎತ್ತಿಕೊಂಡು ಹೋದವು.

ಈ ಕಾಡು 1989ರಿಂದ ಶ್ರೀ ವೆಂಕಟೇಶ್ವರ ರಾಷ್ಟ್ರೀಯ ಉದ್ಯಾನ. ಅದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. "ಪಾರ್ಕು ಅಂದ್ಯಲ್ಲೋ, ಉಯ್ಯಾಲೆ ಎಲ್ಲಿ?" ಎಂದು ದಾರಿಯುದ್ದಕ್ಕೂ ಕೇಳಿದರು. ಕಲ್ಲು, ಬೇರು ತುಳಿಯುತ್ತ ತಿರುವು ದಾಟಿದ್ದೇ ತಡ, ಬಾಯಿ ಕಟ್ಟಿತು. ಕಪ್ಪು ಬಂಡೆಯ ನೆತ್ತಿಯಿಂದ ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು. ನಡುವೆ ಗಾಳಿ ಬಂದರೆ ಒಂದು ಎಳೆ ಸೆರಗಿನ ಹಾಗೆ ಪಕ್ಕಕ್ಕೆ ಹಾರಿ ನಮ್ಮ ಮುಖಕ್ಕೆ ಬಡಿಯುತ್ತಿತ್ತು.

"ಎಷ್ಟಡಿ ಐತೆ?"

"270 ಅಡಿ ಅಂತಾರೆ ಅತ್ತೆ."

ಅತ್ತೆ ಬೆರಳು ಮಡಿಸಿದರು. "ನಮ್ಮ ಹೊಲದ ಬೋರು 800. ಇಂಥವು ಎರಡು ನಿಲ್ಲಿಸಿದ್ರೂ ಸಾಲ್ದು."

ಲೆಕ್ಕವೇನೋ ಸರಿ. ಆ ಬೋರು ಕೊರೆಸಿದ ರಾತ್ರಿ ನಾನೂ ಅಲ್ಲೇ ಇದ್ದೆ. ಪ್ರತಿ ಪೈಪು ಇಳಿದಾಗಲೂ ಅತ್ತೆ ಊದುಬತ್ತಿ ಹಚ್ಚುತ್ತಿದ್ದರು. ಬೆಳಗಾಗುವ ಹೊತ್ತಿಗೆ ಬಂದದ್ದು ವಿಭೂತಿಯಂಥ ಬಿಳೀ ಪುಡಿ. ಲಾರಿ, ಹುಣಸೇಮರ, ನಮ್ಮ ಮಾವನ ಮೀಸೆ ಎಲ್ಲ ಒಂದೇ ಬಣ್ಣ. ಅಷ್ಟು ಆಳಕ್ಕೆ ದುಡ್ಡು ಸುರಿದರೂ ಬಾರದ ನೀರು ಇಲ್ಲಿ ಯಾರೂ ಕರೆಯದೆ ಮೇಲಿಂದಲೇ ಬೀಳುತ್ತಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಹುಡುಗರು ನೀರಿಗಿಳಿದು ಕುಣಿದರು. ಅತ್ತೆ ಮಾತ್ರ ಹೊಳೆಯ ಅಂಚಿನಲ್ಲಿ ಕೂತು, ಒಂದು ಹನಿಯೂ ಚೆಲ್ಲದ ಹಾಗೆ ಕ್ಯಾನು ತುಂಬಿದರು.

ವಾಪಸು ಬರುವಾಗ ಕದಿರಿ ಇನ್ನೂ ದೂರವಿದೆ ಅನ್ನುವಾಗಲೇ ಜೀಪು ಬುಸ್ಸೆಂದು ನಿಂತಿತು. ಬಾನೆಟ್ಟಿನಿಂದ ಹಬೆ. ಡ್ರೈವರು ಸುತ್ತ ನೋಡಿದ. ಬಾವಿ ಇಲ್ಲ, ಕುಂಟೆ ಇಲ್ಲ. ಆಮೇಲೆ ಎಲ್ಲರೂ ಅತ್ತೆಯ ಕಾಲಡಿ ನೋಡಿದೆವು.

ಒಂದು ಕ್ಯಾನು ಸಲೀಸಾಗಿ ಕೊಟ್ಟರು. ಎರಡನೆಯದಕ್ಕೆ ಅರ್ಧ ಗಂಟೆ ಹಿಡಿಯಿತು. ಅದೂ ರೇಡಿಯೇಟರಿನ ಹೊಟ್ಟೆ ಸೇರಿತು. ಅಲ್ಲಿಂದ ರೊಳ್ಳದವರೆಗೆ ಜೀಪು ಒಂದು ಸಲವೂ ಕೆಮ್ಮಲಿಲ್ಲ.

ಮನೆ ಮುಂದೆ ಇಳಿದ ಅತ್ತೆ ಬಾನೆಟ್ಟು ತಟ್ಟಿ, "ಔಷಧಿ ನೀರು ಅಂದ್ರೆ ನಗ್ತಿದ್ರಲ್ಲ!" ಎಂದು, ಮಂಡಿ ಹಿಡಿದುಕೊಂಡು ಒಳಗೆ ಹೋದರು.