ಒಂದು ಎಂಟರು, ಹಲವು ಊರು

ನಮ್ಮ ಸಹಕಾರಿ ಸಂಘದ ಒಂದೊಂದು ಶಾಖೆಯಲ್ಲೂ ಮ್ಯಾನೇಜರರ ಮೇಜಿನ ಅಡಿಯಲ್ಲಿ ಒಂದೊಂದು ಸರ್ವರ್ ಕೂತಿದೆ. ಸರ್ವರ್ ಅಂದ ಕೂಡಲೇ ಸಿನಿಮಾದಲ್ಲಿ ತೋರಿಸುವ ಗಾಜಿನ ಕೋಣೆ, ನೀಲಿ ದೀಪ, ಮೂಳೆ ಕೊರೆಯುವ ಏಸಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಇದು ಬರೀ ಕಪ್ಪು ಡಬ್ಬ. ಮೇಲೆ ಹೋದ ವರ್ಷ ಹಂಚಿ ಮಿಕ್ಕಿದ ಕ್ಯಾಲೆಂಡರುಗಳ ಕಟ್ಟು, ಪಕ್ಕದಲ್ಲಿ ಯಾರೋ ಮರೆತುಹೋದ ಕೊಡೆ, ಹಿಂದೆ ಜೇಡನ ಬಲೆ. ಕಾಪುವಿನ ಡಬ್ಬಕ್ಕೆ ಕಡಲ ಗಾಳಿ ತಾಗಿ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿವೆ. ಕಾರ್ಕಳದ್ದರೊಳಗೆ ಕರಿಕಲ್ಲಿನ ಧೂಳು. ಮಣಿಪಾಲದ್ದು ವಿದ್ಯಾರ್ಥಿಗಳ ಸಹವಾಸದೋಷದಿಂದಲೋ ಏನೋ, ರಾತ್ರಿಯೆಲ್ಲ ಚುರುಕಾಗಿದ್ದು ಬೆಳಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ತೂಕಡಿಸುತ್ತದೆ. ಉಡುಪಿಯ ಪ್ರಧಾನ ಕಚೇರಿಯಲ್ಲಿ ಕೂತು ಇವಿಷ್ಟನ್ನೂ ಸಾಕುವುದು ನನ್ನ ಉದ್ಯೋಗ.

ಸಾಕುವುದೆಂದರೆ ಎಲ್ಲಕ್ಕೂ ಒಂದೇ ಮಾತನ್ನು ಹೇಳುತ್ತಿರುವುದು. ಗಡಿಯಾರ ಸರಿಮಾಡಿಕೋ, ಹಳೇ ಲಾಗುಗಳನ್ನು ಅಳಿಸು, ಹೊಸ ಪ್ಯಾಚು ಹಾಕಿಕೋ, ಒಮ್ಮೆ ಮಲಗಿ ಏಳು. ನನಗಿಂತ ಹಿಂದೆ ಈ ಕೆಲಸದಲ್ಲಿದ್ದವರು ಇದಕ್ಕಾಗಿ ಬಸ್ಸು ಹತ್ತುತ್ತಿದ್ದರು. ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳದಲ್ಲಿ ಇಳಿದು, ಶಾಖೆಗೆ ಹೋಗಿ, ಒಂದು ಸಾಲು ಟೈಪ್ ಮಾಡಿ, ಚಾ ಕುಡಿದು, ಕಂಡಕ್ಟರನ ‘ಪೋಯಿ ಪೋಯಿ’ ಕೇಳಿದ್ದೇ ಓಡಿ ಬಂದು ಅದೇ ಬಸ್ಸಿನಲ್ಲಿ ವಾಪಸು. ಮರುದಿನ ಕಟಪಾಡಿ ಮಾರ್ಗವಾಗಿ ಕಾಪು. ಅವರ ಹಳೇ ಟಿಎ ಬಿಲ್ಲುಗಳು ಈಗಲೂ ಫೈಲಿನಲ್ಲಿವೆ. ‘ಪ್ರಯಾಣದ ಉದ್ದೇಶ’ ಎಂಬ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: ‘ಗಡಿಯಾರ ಏಳು ನಿಮಿಷ ಹಿಂದಿದ್ದು, ಮುಂದೆ ಮಾಡಲಾಯಿತು.’

ಹಾಗೆ ನೋಡಿದರೆ ಬಾಗಿಲಿಂದ ಬಾಗಿಲಿಗೆ ಹೋಗುವುದು ಈ ಊರಿನ ಹಣಕಾಸಿಗೆ ರಕ್ತಗತ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲೇ ನಿಂತು ಪಡೆಯಿತು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋದರೂ ಪಿಗ್ಮಿ ಮಾತ್ರ ನಮ್ಮಂಥ ಸೊಸೈಟಿಗಳ ಕೈಚೀಲದಲ್ಲಿ ಇನ್ನೂ ನಡೆದಾಡುತ್ತಿದೆ. ನಮ್ಮ ಪಿಗ್ಮಿ ಮಾಮ ದಿನವಿಡೀ ಅಂಗಡಿ ಸಾಲು ಸುತ್ತಿ ಸಂಜೆ ಲೆಕ್ಕ ಒಪ್ಪಿಸಲು ಬಂದವರು ನನ್ನ ಕೆಲಸವನ್ನು ಬಹಳ ಹೊತ್ತು ನೋಡಿ ಒಂದು ದಿನ ಕೇಳಿದರು:

“ನೀವು ಕೂತಲ್ಲಿಂದಲೇ ಕಾರ್ಕಳಕ್ಕೆ ಹೋಗಿ ಬಂದ್ರಾ?”

“ಹೌದು ಮಾಮ.”

“ಹಾಗಾದ್ರೆ ಟಿಎ ಉಂಟಾ?”

ಇಲ್ಲ ಎಂದಾಗ ಅವರ ಮುಖದಲ್ಲಿ ಈ ತಂತ್ರಜ್ಞಾನದ ಬಗ್ಗೆ ಇದ್ದ ಗೌರವ ಅರ್ಧಕ್ಕರ್ಧ ಇಳಿಯಿತು.

ಕೂತಲ್ಲಿಂದ ಹೋಗಿಬರುವ ಈ ದಾರಿಗೆ ಎಸ್‌ಎಸ್‌ಎಚ್ ಎನ್ನುತ್ತಾರೆ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡುಗಳನ್ನು ಬಾಚಿಕೊಂಡರು. ಆಗೆಲ್ಲ ಟೆಲ್‌ನೆಟ್ ಕಾಲ. ಪಾಸ್‌ವರ್ಡು ತಂತಿಯಲ್ಲಿ ಬೆತ್ತಲೆಯಾಗಿಯೇ ಓಡಾಡುತ್ತಿತ್ತು. ಅಲ್ಲಿದ್ದ ತಾತು ಯುಲೋನೆನ್ ಎಂಬಾತ ಬೇಸತ್ತು, ಮಾತನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ ಕಳಿಸುವ ಈ ತಂತ್ರಾಂಶ ಬರೆದ. ಎಫ್‌ಟಿಪಿಯ 21ಕ್ಕೂ ಟೆಲ್‌ನೆಟ್ಟಿನ 23ಕ್ಕೂ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಕೇಳಿ ಪಡೆದ. ಕೇಳಿದ ಸೈಟು ಕೇಳಿದ ಜಾಗದಲ್ಲೇ ಸಿಕ್ಕ ಅಪರೂಪದ ಮನುಷ್ಯ.

ಹೊಸ ಯಂತ್ರಕ್ಕೆ ಮೊದಲ ಸಲ ಹೋದಾಗ ಎಸ್‌ಎಸ್‌ಎಚ್ ಒಂದು ಉದ್ದನೆಯ ಅಕ್ಷರಮಾಲೆ ತೋರಿಸಿ, ‘ಇದು ಆ ಯಂತ್ರದ ಬೆರಳಚ್ಚು, ನಂಬುತ್ತೀರಾ?’ ಎಂದು ವಿಚಾರಿಸುತ್ತದೆ. ಆ ಬೆರಳಚ್ಚನ್ನು ಪೂರ್ತಿ ಓದಿ ತಾಳೆ ನೋಡಿ ‘ಯೆಸ್’ ಅಂದವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಇಲ್ಲಿವರೆಗೆ ಒಂದು ಯಂತ್ರದ ಮಾತಾಯಿತು. ಎಲ್ಲ ಯಂತ್ರಕ್ಕೂ ಹೇಳಬೇಕಾದಾಗ ಸೋಮಾರಿತನ ಕೆಲಸ ಮಾಡಲು ಶುರುಮಾಡುತ್ತದೆ. ಶಾಖೆಗಳ ಹೆಸರನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ‘ಒಂದೊಂದೇ ಹೆಸರು ಓದು, ಅಲ್ಲಿಗೆ ಹೋಗು, ಇಷ್ಟು ಮಾಡಿ ಬಾ’ ಎಂದು ಪುಟ್ಟದೊಂದು ಲೂಪ್ ಬರೆಯುತ್ತೇವೆ. ಲೂಪು ಮೊದಲ ಹೆಸರು ಓದುತ್ತದೆ, ಮಣಿಪಾಲಕ್ಕೆ ಹೋಗುತ್ತದೆ, ಕೆಲಸ ಮುಗಿಸುತ್ತದೆ, ಆಮೇಲೆ ಕೈಮುಗಿದು ನಿಂತುಬಿಡುತ್ತದೆ. ಕಾಪು ಇಲ್ಲ, ಕಾರ್ಕಳ ಇಲ್ಲ. ಎರರ್ ಕೂಡ ಇಲ್ಲ. ಬಲು ಸಂತೃಪ್ತ ನಿಲುವು. ಏನಾಗಿರುತ್ತದೆಂದರೆ, ಎಸ್‌ಎಸ್‌ಎಚ್‌ಗೆ ತನ್ನ ಮುಂದೆ ಓದಲು ಏನು ಸಿಕ್ಕರೂ ಅದು ಆಚೆಯ ಯಂತ್ರಕ್ಕೆ ಕಳಿಸಲಿಕ್ಕೇ ಇಟ್ಟದ್ದೆಂಬ ನಂಬಿಕೆ. ಫೈಲಿನಲ್ಲಿ ಉಳಿದಿದ್ದ ಕಾಪು, ಕಾರ್ಕಳದ ಹೆಸರುಗಳನ್ನೆಲ್ಲ ಅದು ಮೊದಲ ಸುತ್ತಿನಲ್ಲೇ ನುಂಗಿ ನೀರು ಕುಡಿದಿರುತ್ತದೆ. ಲೂಪು ತಿರುಗಿ ನೋಡಿದರೆ ಪಟ್ಟಿ ಖಾಲಿ. ಇದಕ್ಕೆ ಮದ್ದು ಕಮಾಂಡಿನ ಮಧ್ಯೆ ಒಂದು ಸಣ್ಣ ಗೆರೆ, ಒಂದು ‘ಎನ್’ ಅಕ್ಷರ. ಆ ಒಂದಕ್ಷರದ ಹುಡುಕಾಟದಲ್ಲಿ ಮಧ್ಯಾಹ್ನಗಳನ್ನು ಕಳೆದುಕೊಂಡ ಸಿಸ್ಟಮ್ ಅಡ್ಮಿನ್ನುಗಳು ಲೋಕದ ತುಂಬ ಇದ್ದಾರೆ.

ಲೂಪಿನ ಇನ್ನೊಂದು ದೋಷ, ಅದು ಸಾಲಿನಲ್ಲಿ ನಿಲ್ಲುವ ಸ್ವಭಾವದ್ದು. ಕಾಪುವಿನಲ್ಲಿ ಇಂಟರ್‌ನೆಟ್ ಹೋಗಿದ್ದರೆ, ಉತ್ತರ ಬಂದೀತೆಂದು ಅಲ್ಲೇ ಕಾಯುತ್ತ ಕೂರುತ್ತದೆ. ಸರಿಯಾಗಿಯೇ ಇರುವ ಕಾರ್ಕಳ ಹಿಂದೆ ನಿಂತು ಒಣಗಬೇಕು. ಆದ್ದರಿಂದ ಎಲ್ಲಕ್ಕೂ ಏಕಕಾಲಕ್ಕೆ ಕೂಗಿ ಹೇಳುವ ಪಿಎಸ್‌ಎಸ್‌ಎಚ್, ಪಿಡಿಎಸ್‌ಎಚ್ ಎಂಬ ಸಲಕರಣೆಗಳು ಬಂದವು. ಎಂಟರ್ ಒತ್ತಿದ್ದೇ ತಡ, ಉತ್ತರಗಳು ತಮಗೆ ಬೇಕಾದ ಕ್ರಮದಲ್ಲಿ ಬಂದು ಬೀಳುತ್ತವೆ. ಇದೇ ಊರಿನ ಪಕ್ಕದ ಶಾಖೆ ಕೊನೆಗೆ, ಘಟ್ಟದ ಬುಡದ ಕಾರ್ಕಳ ಮೊದಲು. ಎಲ್ಲ ಒಂದೇ ಕಂಪನಿಯ ಒಂದೇ ಮಾಡೆಲ್ಲು, ಒಂದೇ ದಿನ ಖರೀದಿಸಿದ್ದು. ಆದರೂ ‘ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ?’ ಎಂದು ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಒಂದು ಅರ್ಧ ಎನ್ನುತ್ತದೆ, ಒಂದು ಕಾಲು ಎನ್ನುತ್ತದೆ. ಮಣಿಪಾಲದ್ದು ಮಾತ್ರ ಶೇ. 98 ಭರ್ತಿ. ಒಳಗೆ ಇಣುಕಿದರೆ ಮ್ಯಾನೇಜರರ ಮಗಳ ಮದುವೆಯ ವಿಡಿಯೋ, ಅದೂ ಎರಡು ಪ್ರತಿ.

ಈಗ ನಾನು ಬಳಸುವುದು ಆನ್ಸಿಬಲ್. 2012ರಲ್ಲಿ ಮೈಕೆಲ್ ಡಿಹಾನ್ ಇದನ್ನು ಹೊರತಂದಾಗ ಹೆಸರು ಎರವಲು ಪಡೆದದ್ದು ವಿಜ್ಞಾನ ಕಾದಂಬರಿಗಳ ಲೋಕದಿಂದ; ಆ ಪದ ಹುಟ್ಟಿದ್ದು ಅರ್ಸುಲಾ ಲೆ ಗುಯಿನ್ ಅವರ 1966ರ ಕಾದಂಬರಿಯಲ್ಲಿ. ಅದರಲ್ಲಿ ಆನ್ಸಿಬಲ್ ಎಂದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಕ್ಷಣ ಮಾತ್ರದಲ್ಲಿ ಮಾತು ಮುಟ್ಟಿಸುವ ಯಂತ್ರ. ನಮ್ಮದು ಉದ್ಯಾವರದ ಸೇತುವೆಯಾಚೆ ಮಾತು ಮುಟ್ಟಿಸಿದರೆ ಸಾಕು. ಸುಸೂತ್ರವಾದರೆ ಹಸಿರು, ಏನಾದರೂ ಬದಲಾದರೆ ಹಳದಿ, ಕೈಕೊಟ್ಟರೆ ಕೆಂಪು ಅಕ್ಷರಗಳಲ್ಲಿ ವರದಿ ಒಪ್ಪಿಸುತ್ತದೆ.

ಇದಕ್ಕೊಂದು ವಿಚಿತ್ರ ಗುಣವಿದೆ. ಕೌಸೇ ಎಂಬ ತಮಾಷೆಯ ಪ್ರೋಗ್ರಾಮು ಅದೇ ಕಂಪ್ಯೂಟರಿನಲ್ಲಿ ಇದ್ದುಬಿಟ್ಟರೆ, ಆನ್ಸಿಬಲ್ ತನ್ನ ಒಂದೊಂದು ಕೆಲಸದ ತಲೆಬರಹವನ್ನೂ ಒಂದು ದನದ ಬಾಯಲ್ಲಿ ಹೇಳಿಸುತ್ತದೆ. ಗೆರೆ, ಓರೆಗೆರೆಗಳಿಂದ ಮೈ, ಎರಡು ‘ಓ’ ಅಕ್ಷರದ ಕಣ್ಣು, ಮೂತಿಯ ಮೇಲೆ ಮಾತಿನ ಗುಳ್ಳೆ. ಪ್ಯಾಚು ಹಾಕುತ್ತಿದ್ದ ಒಂದು ಸಂಜೆ ನಮ್ಮ ಜನರಲ್ ಮ್ಯಾನೇಜರರು ಬೆನ್ನ ಹಿಂದೆ ಬಂದು ನಿಂತಿದ್ದರು. ಪರದೆಯಲ್ಲಿ ದನದ ಮೇಲೆ ದನ ಸಾಲಾಗಿ ಏರಿ ಹೋಗುತ್ತಿದೆ.

“ಇದೆಂಥದ್ದು ಮಾರಾಯ್ರೇ, ದನ?”

“ಅದು ಸಾಫ್ಟ್‌ವೇರಿನದ್ದೇ ಸರ್.”

ಲೆಕ್ಕದ ಪುಸ್ತಕ ಹಿಡಿದಿದ್ದ ಪಿಗ್ಮಿ ಮಾಮ ನಡುವೆ ಬಾಯಿ ಹಾಕಿದರು: “ಇರ್ಲಿ ಬಿಡಿ ಸರ್, ಕೃಷ್ಣನ ಊರು.”

ಮ್ಯಾನೇಜರರಿಗೆ ಸಮಾಧಾನವಾಯಿತು. ‘ದನ ಬೇಡ’ ಎಂದು ಹೇಳಲೆಂದೇ ಆನ್ಸಿಬಲ್‌ನಲ್ಲಿ ಅಧಿಕೃತವಾದ ಒಂದು ಸೆಟ್ಟಿಂಗ್ ಇದೆ. ಮುಟ್ಟಲು ಹೋಗಿಲ್ಲ.

ಎಲ್ಲರಿಗೂ ಒಂದೇ ಏಟಿಗೆ ಹೇಳುವ ಶಕ್ತಿ ಕೈಗೆ ಬಂದಾಗಲೇ ಬೆರಳು ನಡುಗಲು ಶುರುವಾಗುವುದು. 2017ರ ಫೆಬ್ರವರಿ 28ರಂದು ಅಮೆಜಾನಿನ ಎಂಜಿನಿಯರೊಬ್ಬರು ಪುಸ್ತಕದಲ್ಲಿದ್ದ ಕ್ರಮದಂತೆಯೇ ಕೆಲವೇ ಸರ್ವರುಗಳನ್ನು ತೆಗೆಯುವ ಕಮಾಂಡು ಕೊಟ್ಟರು. ಅದರಲ್ಲಿ ಒಂದು ವಿವರ ತಪ್ಪಿ, ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಸರ್ವರುಗಳು ಎದ್ದು ಹೋದವು. ವರ್ಜೀನಿಯಾದ ಎಸ್3 ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಮಲಗಿತು. ಅದನ್ನು ನಂಬಿದ್ದ ಎಷ್ಟೋ ತಾಣಗಳು ಜೊತೆಗೇ ಮಲಗಿದವು. ‘ಸೇವೆ ಕೆಟ್ಟಿದೆ’ ಎಂದು ತೋರಿಸಬೇಕಾಗಿದ್ದ ಅಮೆಜಾನಿನ ಸ್ವಂತ ಸೂಚನಾಫಲಕವೂ ಅದೇ ಎಸ್3ನ್ನು ನೆಚ್ಚಿಕೊಂಡಿದ್ದರಿಂದ, ಅದು ಬಹಳ ಹೊತ್ತು ಎಲ್ಲ ಕ್ಷೇಮ ಎಂದೇ ಹೇಳುತ್ತಿತ್ತು. ಆಮೇಲೆ ಅವರು ಮಾಡಿಕೊಂಡ ತಿದ್ದುಪಡಿಗಳಲ್ಲಿ ಒಂದು, ತೆಗೆಯುವುದಿದ್ದರೆ ನಿಧಾನವಾಗಿ ತೆಗೆಯುವುದು.

ನಿಧಾನದ ವಿಷಯದಲ್ಲಿ ಅವರು ರಥಬೀದಿಗೆ ಒಮ್ಮೆ ಬಂದು ಹೋಗಬಹುದಿತ್ತು ಎಂದು ನನ್ನ ಅಭಿಪ್ರಾಯ. ಉಡುಪಿಯಲ್ಲಿ ಅಷ್ಟಮಠಗಳಿವೆ, ಕೃಷ್ಣ ಒಬ್ಬನೇ. ಎಂಟು ಮಠದವರಿಗೂ ಸೇವೆಯ ಹಕ್ಕಿದೆ, ಆದರೆ ಎಂಟೂ ಒಟ್ಟಿಗೆ ನುಗ್ಗುವುದಿಲ್ಲ. ಮೊದಲು ಎರಡೆರಡು ತಿಂಗಳ ಸರದಿ ಇತ್ತು. 1522ರಿಂದ ವಾದಿರಾಜರು ಅದನ್ನು ಎರಡೆರಡು ವರ್ಷಕ್ಕೆ ಏರಿಸಿದರು. ಒಬ್ಬರ ಸರದಿ ಮತ್ತೆ ಬರಲು ಹದಿನಾರು ವರ್ಷ. 2022ರಲ್ಲಿ ಕೃಷ್ಣಾಪುರ ಮಠ, 2024ರಲ್ಲಿ ಪುತ್ತಿಗೆ ಮಠ. ಈ ಸರದಿ ಕೈಬದಲಾಗುವ ಪರ್ಯಾಯಕ್ಕೆ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಒಂದೊಂದಾಗಿ ನಡೆಯುತ್ತ ಬಂದು, ಜನವರಿ 18ರ ನಸುಕಿಗೆ ಏರುವ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬರುತ್ತಾರೆ. ಇಳಿಯುವವರು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಕೈಗಿಡುತ್ತಾರೆ. ಅಡ್ಮಿನ್ ಬದಲಾದರು, ಕೀ ಬದಲಾಯಿತು, ಕೃಷ್ಣನ ಪೂಜೆ ಒಂದು ಹೊತ್ತೂ ತಪ್ಪಲಿಲ್ಲ. ಆನ್ಸಿಬಲ್‌ನಲ್ಲಿ ‘ಸೀರಿಯಲ್ 1’ ಎಂದು ಬರೆದರೆ ಸಿಗುವುದು ಇದೇ: ಒಂದು ಯಂತ್ರ ಮುಗಿಯಲಿ, ಅದು ಸರಿಯಾದರೆ ಮುಂದಿನದು, ಕೆಟ್ಟರೆ ಅಲ್ಲೇ ನಿಲ್ಲು. ಇನ್ನು ಏನನ್ನೂ ಮಾಡದೆ ‘ಮಾಡಿದ್ದರೆ ಹೀಗಾಗುತ್ತಿತ್ತು’ ಎಂದಷ್ಟೇ ಹೇಳುವ ಚೆಕ್ ಮೋಡ್ ಎಂಬುದೂ ಇದೆ. ಸಂಘದ ಮಹಾಸಭೆಗೂ ಅಂಥದ್ದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಹೀಗೆ ಎಲ್ಲ ವ್ಯವಸ್ಥೆಯೂ ಕೂಡಿಬಂದು ನಾನು ನೆಮ್ಮದಿಯಿಂದಿದ್ದೆ, ಏಪ್ರಿಲ್ ಬರುವವರೆಗೆ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗು ಕೆಳಗಿಳಿಯುತ್ತದೆ. ಕರಾವಳಿಯ ಮನೆಗಳಲ್ಲೆಲ್ಲ ಟೀವಿಯ ವಯರು, ಫ್ರಿಜ್ಜಿನ ವಯರು ಕಿತ್ತಿಡುವ ಗಡಿಬಿಡಿ. ಸರ್ವರಿಗೂ ಅದೇ ಗತಿ. ಆದರೆ ಗೋಡೆಯಿಂದ ಪ್ಲಗ್ ಕೀಳುವ ಕಮಾಂಡು ಎಸ್‌ಎಸ್‌ಎಚ್‌ನಲ್ಲಿ ಇಲ್ಲ. ಎಲ್ಲ ಯಂತ್ರಗಳನ್ನೂ ಮರ್ಯಾದೆಯಿಂದ ಮಲಗಿಸುವುದು ನನ್ನ ಪಾಲು, ವಯರು ತೆಗೆಯುವುದು ಆಯಾ ಶಾಖೆಯ ಅಟೆಂಡರ್ ಅಕ್ಕಂದಿರ ಪಾಲು ಎಂದು ತೀರ್ಮಾನವಾಯಿತು. ಅಕ್ಕಂದಿರಿಗೊಂದು ವಾಟ್ಸಾಪ್ ಗ್ರೂಪ್ ಇದೆ. ಗುಡುಗು ಮೊದಲು ಕೇಳುವುದು ಕಾರ್ಕಳಕ್ಕಾದ್ದರಿಂದ ಆಜ್ಞೆ ಹೊರಡುವುದೂ ಅಲ್ಲಿಂದಲೇ, ವಯರು ತೆಗೆಯಿರಿ ಎಂದು ತುಳುವಿನಲ್ಲಿ ಎರಡೇ ಪದದ ವಾಯ್ಸ್ ಮೆಸೇಜು: “ವಯರ್ ದೆಪ್ಪುಲೆ!” ಮಣಿಪಾಲದಿಂದ “ಆಂಡ್” (ಆಯಿತು), ಉಡುಪಿಯಿಂದ “ಆಂಡ್”, ಕಾಪುವಿನಿಂದ ಒಂದು ಹೆಬ್ಬೆರಳು. ಟೈಮ್ ಔಟ್ ಇಲ್ಲ, ಪಾಸ್‌ವರ್ಡಿಲ್ಲ, ಪಟ್ಟಿಯನ್ನು ಯಾರೂ ನುಂಗುವುದಿಲ್ಲ.

ನಾನು ಅಷ್ಟರಲ್ಲಿ ಚೆಕ್ ಮೋಡ್ ಮುಗಿಸಿ, ಎಂಟರ್ ಒತ್ತಿ ನೋಡುತ್ತೇನೆ: ಸಾಲುಸಾಲು ದನಗಳು, ಎಲ್ಲದರ ಕೆಳಗೂ ಕೆಂಪು ಅಕ್ಷರ. ಯಾವ ಶಾಖೆಯೂ ಸಿಗುತ್ತಿಲ್ಲ. ಅಕ್ಕಂದಿರು ಕರೆಂಟಿನ ವಯರಿಗಿಂತ ಮೊದಲು ಇಂಟರ್‌ನೆಟ್ಟಿನ ವಯರನ್ನೇ ಕಿತ್ತಿದ್ದಾರೆ. ಯಂತ್ರಗಳು ಯುಪಿಎಸ್ಸಿನ ಮೇಲೆ ಕುಂಯ್ ಕುಂಯ್ ಎನ್ನುತ್ತ ಕೂತಿವೆ. ಕಾರ್ಕಳಕ್ಕೆ ಫೋನು ಹಚ್ಚಿದೆ.

“ಅಕ್ಕ, ನೆಟ್ಟಿನ ವಯರ್ ಒಂದು ಐದು ನಿಮಿಷ ಬಿಟ್ಟು ತೆಗೀಬಹುದಾ? ನಂದಿನ್ನೂ ಆಗ್ಲಿಲ್ಲ.”

“ಅದು ನನ್ಗೆ ಹೇಳುದಲ್ಲ ಸರ್,” ಎಂದರು ಅಕ್ಕ. “ಸಿಡಿಲಿಗೆ ಹೇಳಿ.”