ಕಾರಿನ ಶಬ್ದಾನುಶಾಸನಂ: ಆಳಂದ, ಅಫಜಲಪುರ, ಜೇವರ್ಗಿ ಪಾಠ

ಪೀಠಿಕೆ

ಕನ್ನಡಕ್ಕೆ ಶಬ್ದಶಾಸ್ತ್ರದ ಬಡತನವಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. 1604ರಲ್ಲಿ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿ ‘ಕರ್ಣಾಟಕ ಶಬ್ದಾನುಶಾಸನ’ ಎಂದು ಹೆಸರಿಟ್ಟ. ಇಬ್ಬರೂ ಮಹಾಪಂಡಿತರು. ಆದರೆ ಮಾರುತಿ 800ರ ಮುಂದಿನ ಎಡಗಾಲಿಯಿಂದ ತಗ್ಗಿಗೊಮ್ಮೆ ಹೊರಡುವ ‘ಕಟ್’ ಎಂಬುದು ನಾಮವೋ ಕ್ರಿಯೆಯೋ ಅವ್ಯಯವೋ ಎಂಬ ಬಗ್ಗೆ ಇಬ್ಬರ ಗ್ರಂಥಗಳೂ ಮೌನ ತಾಳಿವೆ. ಆ ಕಾರು ರಸ್ತೆಗಿಳಿದದ್ದೇ 1983ರ ಡಿಸೆಂಬರಿನಲ್ಲಿ ಎಂಬ ಸಬೂಬು ಅವರಿಗಿದೆ. ನಮಗೆ ಅದೂ ಇಲ್ಲ.

ಕಾರಿನ ಸದ್ದಿಗೆ ವ್ಯಾಕರಣ ಬರೆಯುವ ಕೆಲಸಕ್ಕೆ ಕಲಬುರಗಿ ಜಿಲ್ಲೆಗಿಂತ ಅರ್ಹವಾದ ನೆಲ ಬೇರೆಲ್ಲಿದೆ? ಕಾವ್ಯದ ಗುಣದೋಷ ವಿಂಗಡಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ. ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು ದೇಶದ ಬಹುಭಾಗದ ಆಸ್ತಿಪಾಲಿನ ಜಗಳಗಳಿಗೆ ಆಧಾರ ಒದಗಿಸಿದ ವಿಜ್ಞಾನೇಶ್ವರನನ್ನು ಮರತೂರಿನವರು ತಮ್ಮೂರಿನವನೆಂದೇ ಹೇಳುತ್ತಾರೆ. ಮೊದಲನೆಯದು ಮಾರ್ಗವೇನೋ ಹೌದು, ತಗ್ಗುಗಳ ಪ್ರಸ್ತಾಪವಿಲ್ಲ. ಎರಡನೆಯದರಲ್ಲಿ ಎಲ್ಲ ಆಸ್ತಿಗೂ ಹಕ್ಕುದಾರರಿದ್ದಾರೆ, ಅಪ್ಪನ ಹಳೆಯ ಕಾರಿನ ಸದ್ದು ಯಾರ ಪಾಲಿಗೆ ಎಂಬುದು ಮಾತ್ರ ಇಲ್ಲ.

ಕ್ಷೇತ್ರ ವಿಚಾರ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಕೆಳಗೂ ಎರಿಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ತೊಗರಿಗೆ ಇದು ವರ. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅದೇ ಮಣ್ಣಿನ ಮೇಲೆ ಹಾಸಿದ ಡಾಂಬರಿಗೆ ಮಾತ್ರ ಯಾವ ಮಾನ್ಯತೆಯೂ ಉಳಿಯುವುದಿಲ್ಲ. ಒಡೆಯದಿದ್ದರೂ ಅಲೆಅಲೆಯಾಗಿ ಏಳುತ್ತದೆ. ಗಾಡಿ ಓಡುವುದಿಲ್ಲ, ಈಜುತ್ತದೆ. ಕಬ್ಬಿನ ಹಂಗಾಮು ಬಂತೆಂದರೆ ಆಳಂದ, ಅಫಜಲಪುರದ ಕಡೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಲುಗಟ್ಟುತ್ತಾರೆ. ಗಾಲಿಗೆ ಮೆತ್ತಿದ ಹಸಿ ಮಣ್ಣು ರಸ್ತೆಗೆ ಉದುರಿ, ಒಣಗಿ, ನಮ್ಮ ಪಾಲಿಗೆ ಕಲ್ಲಾಗಿ ಕಾದಿರುತ್ತದೆ.

ಇನ್ನು ಸ್ಪೀಡ್ ಬ್ರೇಕರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಲೆಕ್ಕದಲ್ಲಿ ಅದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ತಾಸಿಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕು. ಹಳ್ಳಿಯ ಲೆಕ್ಕ ಬೇರೆ. ಅಲ್ಲಿ ಬ್ರೇಕರಿನ ಎತ್ತರವೆಂದರೆ ಯಾರ ಮನೆಯ ಮುಂದೆ ಕೋಳಿ ಸತ್ತಿತೋ ಅವರ ಸಿಟ್ಟಿನ ಎತ್ತರ.

ಸಂಜ್ಞಾ ಪ್ರಕರಣ

ಸದ್ದುಗಳನ್ನು ಪೂರ್ವಾಚಾರ್ಯರು ಹೀಗೆ ವಿಂಗಡಿಸುತ್ತಾರೆ: ಸಣ್ಣ ತಗ್ಗುಗಳಲ್ಲಿ ಬೇಗಬೇಗ ಬರುವುದು ಕಟಕಟ, ದೊಡ್ಡ ತಗ್ಗಿನಲ್ಲಿ ಒಂದೇ ಸಲ ಬರುವುದು ಧಡ್, ನಿಂತಲ್ಲೇ ಸ್ಟೀರಿಂಗ್ ತಿರುವಿದಾಗ ಬರುವುದು ಟಣ್. ಈ ವಿಂಗಡಣೆ ಕೇಳಲು ಇಂಪಾಗಿದೆ, ಕೆಲಸಕ್ಕೆ ಸಾಲದು. ಕಬ್ಬಿಣ ಸದ್ದನ್ನು ಸಾಗಿಸುತ್ತದೆ. ಎಡಗಡೆ ಹುಟ್ಟಿದ್ದು ಬಲಗಡೆ ಕೇಳುತ್ತದೆ. ಸ್ಟೀರಿಂಗ್ ರ್‍ಯಾಕಿನ ಬುಶ್ ಸವೆದರೆ ಅದು ಕಿವಿಗೆ ಬೀಳುವ ಮೊದಲು ಓಡಿಸುವವನ ಅಂಗೈಗೆ ಗೊತ್ತಾಗುತ್ತದೆ. ಆದ್ದರಿಂದ ಮೊದಲ ಸೂತ್ರ:

ಶಬ್ದಮೆಲ್ಲಿಯದೆಂಬುದರ್ಕೆ ಮುನ್ನಂ ಶಬ್ದಮಾವಾಗಳದೆಂಬುದಂ ಬೆಸಗೊಳ್ವುದು.

ವೃತ್ತಿ: ಗಾಡಿಯವನು ಗ್ಯಾರೇಜಿಗೆ ಬಂದು ಪ್ರಥಮಾ ವಿಭಕ್ತಿಯಲ್ಲಿ ಮಾತು ತೆಗೆಯುತ್ತಾನೆ. ‘ಗಾಡಿ ಭಾಳ ಸೌಂಡ್ ಮಾಡಲತ್ತದ್ರಿ ಉಸ್ತಾದ.’ ಇದರಿಂದ ಏನೂ ತಿಳಿಯುವುದಿಲ್ಲ. ಶಾಸ್ತ್ರಕ್ಕೆ ಬೇಕಾದದ್ದು ಸಪ್ತಮೀ. ತಗ್ಗಿನಾಗೋ, ತಿರುವಿನಾಗೋ, ಬ್ರೇಕ್ ಹಿಡದಾಗೋ? ಕಲಬುರಗಿಯ ಕನ್ನಡ ಜಾಗಕ್ಕೂ ಹೊತ್ತಿಗೂ ಕೊನೆಯಲ್ಲಿ ಒಂದೇ ‘ಆಗ’ ಹಚ್ಚಿ ಈ ಸೂತ್ರವನ್ನು ಅರ್ಧ ಬರೆದೇ ಇಟ್ಟಿದೆ. ಆದರೂ ‘ಯಾವಾಗ ಬರ್ತದ್ರಿ?’ ಎಂದು ಉಸ್ತಾದ ಕೇಳಿದರೆ ಉತ್ತರ: ‘ಯಾವಾಗಂದ್ರ, ಬರ್ತೇ ಇರ್ತದ್ರಿ.’

ಹಾಗಿರುವುದಿಲ್ಲ. ಬ್ರೇಕ್ ಹಿಡಿದಾಗ ಒಮ್ಮೆ, ಬಿಟ್ಟು ಎಳೆದಾಗ ಇನ್ನೊಮ್ಮೆ ಧಡ್ ಎಂದರೆ ಲೋವರ್ ಆರ್ಮಿನ ಬುಶ್ ಮೇಲೆ ಸಂಶಯ. ಗಾಲಿ ಹಿಂದೆಮುಂದೆ ಜಗ್ಗುವುದನ್ನು ತಡೆಯುವ ರಬ್ಬರು ಅದೇ. ಬ್ರೇಕ್ ಪೆಡಲನ್ನು ಹಗುರಾಗಿ ಒತ್ತಿದ ಕೂಡಲೇ ಕಟಕಟ ನಿಂತರೆ ಸಸ್ಪೆನ್ಷನ್ ನಿರಪರಾಧಿ, ಅಲುಗುತ್ತಿರುವುದು ಕ್ಯಾಲಿಪರ್. ಗಾಣಗಾಪುರದ ಹುಣ್ಣಿಮೆಯ ಗದ್ದಲದಲ್ಲಿ ಸ್ಟೀರಿಂಗ್ ಪೂರಾ ಮುರಿದು ಗಾಡಿ ಎಳೆದಾಗ ಟಕಟಕಟಕ ಎಂದು ಎಣಿಸಿದಂತೆ ಕೇಳಿದರೆ ಆಕ್ಸಲಿನ ಹೊರಗಿನ ಜಾಯಿಂಟ್. ದತ್ತಾತ್ರೇಯನ ದರ್ಶನದಿಂದ ಅದು ವಾಸಿಯಾಗುವುದಿಲ್ಲ.

ಎರಡನೆಯ ಸೂತ್ರ ಇನ್ನೂ ಸೊಗಸು:

ಲಿಂಕ್ ರಾಡ್ ಒಂದು ಗಾಲಿಯೊಳ್ ನುಡಿಗುಂ, ಎರಡರೊಳ್ ಸುಮ್ಮನಿರ್ಕುಂ.

ವೃತ್ತಿ: ತಿರುವಿನಲ್ಲಿ ಗಾಡಿ ಒಂದು ಕಡೆ ವಾಲದಿರಲೆಂದು ಎಡ ಬಲ ಗಾಲಿಗಳ ನಡುವೆ ಒಂದು ಸ್ಟೆಬಿಲೈಸರ್ ಬಾರ್ ಇರುತ್ತದೆ. ಅನೇಕ ಕಾರುಗಳಲ್ಲಿ ಅದರ ಎರಡು ತುದಿಗೂ ಒಂದೊಂದು ಸಣ್ಣ ಲಿಂಕ್ ರಾಡ್. ಒಂದೇ ಗಾಲಿ ತಗ್ಗಿಗೆ ಬಿದ್ದರೆ ಬಾರ್ ತಿರುಚಿಕೊಳ್ಳುತ್ತದೆ, ಸವೆದ ಲಿಂಕ್ ರಾಡ್ ಕಟಕಟ ಎನ್ನುತ್ತದೆ. ಎರಡೂ ಗಾಲಿ ಒಟ್ಟಿಗೆ ಏರಿ ಇಳಿದರೆ ಬಾರಿಗೆ ತಿರುಚುವ ಕೆಲಸವೇ ಇಲ್ಲ. ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿಸಂಗಾವಿ ಬಳಿ ಭೀಮಾ ಸೇತುವೆ ಸಿಗುತ್ತದೆ. ಅದರ ಜೋಡಣೆಗಳ ಮೇಲೆ ಎರಡೂ ಗಾಲಿ ಜೊತೆಯಲ್ಲೇ ಬೀಳುತ್ತವೆ. ಅಲ್ಲಿ ಸದ್ದಿಲ್ಲದೆ ದಾಟಿ, ಮುಂದೆ ರಸ್ತೆಯಂಚಿಗೆ ಇಳಿದಾಗ ಕಟಕಟ ಶುರುವಾದರೆ ಲಿಂಕ್ ರಾಡನ್ನು ಹಿಡಿಯಿರಿ. ಸೇತುವೆಯ ಮೇಲೂ ಧಡ್ ಧಡ್ ಎಂದರೆ ಶಾಕಪ್ (ಶಾಕ್ ಅಬ್ಸಾರ್ಬರ್), ಇಲ್ಲವೇ ಅದರ ಮೇಲಿನ ಮೌಂಟ್. ಶಂಕೆ ಉಳಿದರೆ ಲಿಂಕ್ ರಾಡನ್ನು ಬಿಚ್ಚಿಟ್ಟು ಅದೇ ತಗ್ಗಿನ ಮೇಲೆ ನಿಧಾನ ಒಂದು ಸುತ್ತು. ಸದ್ದು ಹೋಯಿತೋ, ಆರೋಪ ಸಾಬೀತು. ಖರ್ಚು ಒಂದು ಸ್ಪ್ಯಾನರ್, ಅದೂ ಪಕ್ಕದವನದು.

ಟಣ್ ಎಂಬುದಕ್ಕೆ ಪ್ರತ್ಯೇಕ ಮರ್ಯಾದೆ ಸಲ್ಲಬೇಕು. 1940ರ ದಶಕದ ಕೊನೆಯಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ಸ್ಪ್ರಿಂಗು, ಶಾಕಪ್ಪು, ಗಾಲಿ ತಿರುಗುವ ಕಂಬ ಮೂರನ್ನೂ ಒಂದರಲ್ಲೇ ಅಡಕ ಮಾಡಿದ. ಸಣ್ಣ ಕಾರುಗಳ ಮುಂಭಾಗದಲ್ಲಿ ಇವತ್ತಿಗೂ ಬಹುಮಟ್ಟಿಗೆ ಅದೇ. ಹೀಗಾಗಿ ಬಾನೆಟ್ಟಿನ ಕೆಳಗಿರುವ ಮೇಲಿನ ಮೌಂಟ್ ಗಾಡಿಯ ಭಾರವನ್ನೂ ಹೊರಬೇಕು, ಸ್ಟೀರಿಂಗಿನೊಡನೆ ತಿರುಗಲೂ ಬಿಡಬೇಕು. ಅದರ ಬೇರಿಂಗ್ ಜಾಮಾದರೆ ಸ್ಪ್ರಿಂಗು ಕಚ್ಚಿಕೊಂಡು, ತಡೆಯಲಾರದೆ ಟಣ್ ಎಂದು ಜಾರುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾದ ಹತ್ತಿರ ಜಾಗ ಹುಡುಕಿ ಗಾಡಿ ನಿಲ್ಲಿಸುವಾಗ ಈ ಸದ್ದು ಸ್ಪಷ್ಟ. ಪರೀಕ್ಷೆ: ಬಾನೆಟ್ ಎತ್ತಿ ಒಬ್ಬ ಮೌಂಟಿನ ಮೇಲೆ ಅಂಗೈ ಇಡಬೇಕು, ಇನ್ನೊಬ್ಬ ಸ್ಟೀರಿಂಗ್ ತಿರುವಬೇಕು. ಕಿವಿ ಸುಳ್ಳು ಹೇಳಬಹುದು, ಅಂಗೈ ಹೇಳುವುದಿಲ್ಲ.

ಪ್ರಮಾಣ ವಿಚಾರ

ಜ್ಞಾನ ಹುಟ್ಟುವ ಬಗೆಯಲ್ಲಿ ಮೂರು ಮತಗಳಿವೆ. ಊರಿನ ಹೆಸರು ಗುರುತಿಗಷ್ಟೇ. ಮೂರೂ ಊರಲ್ಲಿ ಮೂರೂ ಮತದವರು ಚಹಾ ಕುಡಿಯುತ್ತಿರುತ್ತಾರೆ.

ಆಳಂದ ಮತ ಉಪಮಾನವಾದಿ. ಉಸ್ತಾದ ಕುರ್ಚಿಯಿಂದ ಏಳದೆ ತೀರ್ಪು ಕೊಡುತ್ತಾನೆ: ‘ಮೊನ್ನಿ ಖಜೂರಿದು ಒಂದು ಇಂಡಿಕಾ ಬಂದಿತ್ತು, ಸೇಮ್ ಇದೇ ಸೌಂಡ್. ಲೋವರ್ ಆರ್ಮ್ ಹಾಕ್ದೆ, ಖಲಾಸ್.’ ಆ ಇಂಡಿಕಾದ ಮಾಲಕ ತಿರುಗಿ ಬರದಿದ್ದುದೇ ಸಿದ್ಧಾಂತಕ್ಕೆ ಸಾಕ್ಷಿ. ಅವನು ಬೇರೆ ಗ್ಯಾರೇಜಿಗೆ ಹೋಗಿರಬಹುದು ಎಂಬ ಪೂರ್ವಪಕ್ಷವನ್ನು ಈ ಮತ ಒಪ್ಪುವುದಿಲ್ಲ.

ಜೇವರ್ಗಿ ಮತ ಆಪ್ತವಾಕ್ಯವನ್ನೇ ನಂಬುತ್ತದೆ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಶಬ್ದಪ್ರಮಾಣ ಎಂದೇ ಹೆಸರು. ಗಾಡಿ ನಿಂತ ಕೂಡಲೇ ಚಹಾದಂಗಡಿಯಿಂದ ಎದ್ದು ಬಂದವರಲ್ಲಿ ಒಬ್ಬ ರ್‍ಯಾಕ್ ಎನ್ನುತ್ತಾನೆ, ಇನ್ನೊಬ್ಬ ಎಂಜಿನ್ ಮೌಂಟ್, ಮೂರನೆಯವನ ಅಳಿಯನ ಗಾಡಿಗೂ ಹಿಂಗೇ ಆಗಿ ಕೊನೆಗೆ ಸೊಲ್ಲಾಪುರದಾಗ ರಿಪೇರಿ ಆಯಿತು. ಬಹುಮತ ಬಂದ ಪಾರ್ಟು ಬದಲಾಗುತ್ತದೆ.

ಅಫಜಲಪುರ ಮತ ಪ್ರತ್ಯಕ್ಷವಾದಿ. ಈ ಉಸ್ತಾದ ತಾನೇ ಗಾಡಿ ತೆಗೆದುಕೊಂಡು, ಗಾಜು ಇಳಿಸಿ, ಊರಿನಲ್ಲಿ ಅತಿ ಕೆಟ್ಟ ರಸ್ತೆ ಯಾವುದೋ ಅಲ್ಲಿಗೆ ಹೋಗುತ್ತಾನೆ. ಬಂದು ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುತ್ತಾನೆ. ಗಾಡಿ ಎದ್ದು ನಿಂತರೆ ಸರಿ, ಎರಡು ಮೂರು ಸಲ ಜೋಲಿ ಹೊಡೆದರೆ ಶಾಕಪ್ಪಿನ ಎಣ್ಣೆ ಸೋರಿದೆ. ನಂತರ ಜಾಕ್ ಹಚ್ಚಿ, ಕೆಳಗೆ ಕಟ್ಟಿಗೆ ಇಟ್ಟು, ಗಾಲಿಯನ್ನು ಗಡಿಯಾರದಂತೆ ಓದುತ್ತಾನೆ. ಒಂಬತ್ತು ಮತ್ತು ಮೂರು ಗಂಟೆಯ ಜಾಗ ಹಿಡಿದು ಅಲುಗಿಸಿದಾಗ ಆಟ ಇದ್ದರೆ ಟೈರಾಡ್ ಎಂಡ್ ಅಥವಾ ರ್‍ಯಾಕ್. ಗ್ಯಾರೇಜಿನ ಹುಡುಗ ಜಾಯಿಂಟಿನ ಮೇಲೆ ಬೆರಳಿಟ್ಟು ಯಾವುದೆಂದು ಹೇಳುತ್ತಾನೆ. ಹನ್ನೆರಡು ಮತ್ತು ಆರರಲ್ಲಿ ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಒಳಗೆ ಒಬ್ಬ ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್.

ಇಲ್ಲಿ ಪಾಂಡಿತ್ಯಕ್ಕೆ ಸ್ವಲ್ಪ ವಿರಾಮ. ಲಿಂಕ್ ರಾಡ್ ಸವೆದರೆ ತಲೆನೋವು, ಅಷ್ಟೇ. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಮಡಚಿಕೊಳ್ಳುತ್ತದೆ, ಟೈರಾಡ್ ಎಂಡ್ ಕಳಚಿದರೆ ಸ್ಟೀರಿಂಗ್ ಒಂದು ಕಡೆ, ಗಾಲಿ ಒಂದು ಕಡೆ. ಇವೆರಡರಲ್ಲಿ ಆಟ ಕಂಡ ಮೇಲೆ ‘ಮುಂದಿನ ತಿಂಗಳ ನೋಡೂಣು’ ಎನ್ನುವ ಮತವನ್ನು ಯಾವ ದರ್ಶನವೂ ಸಮರ್ಥಿಸಿಲ್ಲ.

ಅಫಜಲಪುರ ಮತಕ್ಕೆ ಶಿಷ್ಯರು ಕಡಿಮೆ. ಕಾರಣ ತಾತ್ವಿಕವಲ್ಲ. ಒಂದು ತಾಸು ಪರೀಕ್ಷೆ ಮಾಡಿ, ಒಂದು ನಟ್ ಬಿಗಿದು, ಉಸ್ತಾದ ಮುನ್ನೂರು ರೂಪಾಯಿ ಕೇಳಿದರೆ ಗಾಡಿಯವನು ಹೌಹಾರುತ್ತಾನೆ: ‘ಏನೂ ಹಾಕೇ ಇಲ್ಲ, ರೊಕ್ಕ ಯಾಕ್ರೀ?’ ಅದೇ ಮನುಷ್ಯ ಬೇಡದ ಶಾಕಪ್ ಜೋಡಿಗೆ ಸಾವಿರಗಟ್ಟಲೆ ಎಣಿಸಿ, ಹಳೆಯದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಕೈಗೆ ಸಿಗುವ ಕಬ್ಬಿಣಕ್ಕೆ ಬೆಲೆ ಇದೆ, ತಲೆಗೆ ಇಲ್ಲ. ಉಪಮಾನವಾದ ಬೆಳೆದದ್ದು ಉಸ್ತಾದರ ಸೋಮಾರಿತನದಿಂದ ಎಂದು ಬರೆಯುವವರು ಈ ಬಿಲ್ಲನ್ನು ನೋಡಿಲ್ಲ.

ಸಂಧಿ ಪ್ರಕರಣ

ಸಂಧಿಗಳು ಮೂರು.

ಲೋಪ: ಸ್ವರಕ್ಕೆ ಸ್ವರ ಪರವಾದರೆ ಹಿಂದಿನ ಸ್ವರ ಲೋಪ. ಲೋಹಕ್ಕೆ ಲೋಹ ಪರವಾಗಿದ್ದರೆ ನಡುವಿನ ರಬ್ಬರು ಆಗಲೇ ಲೋಪ. ನಮ್ಮ ಮೇ ತಿಂಗಳ ಬಿಸಿಲಿಗೆ, ಸೋರಿದ ಎಣ್ಣೆಗೆ, ವಯಸ್ಸಿಗೆ ರಬ್ಬರು ಸೀಳುತ್ತದೆ.

ಆದೇಶ: ಕ, ತ, ಪಗಳಿಗೆ ಗ, ದ, ಬ ಬರುವುದು ಶಾಲೆಯ ಪಾಠ. ಟಕಾರಕ್ಕೆ ಡಕಾರವನ್ನು ಗ್ಯಾರೇಜಿನವರು ಸೇರಿಸಿದ್ದಾರೆ. ಹೀಗಾಗಿ ದೀಪಾವಳಿಯ ಕಟಕಟ ಯುಗಾದಿಗೆ ಗಡಗಡ. ಹಾಡು ಜೋರು ಮಾಡಿದರೆ ಈ ಸಂಧಿ ಆಗುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ.

ಆಗಮ: ಇದೇ ಕಠಿಣ. ರಿಪೇರಿಯಾದ ಮರುದಿನ ಹಿಂದೆ ಇಲ್ಲದ ಸದ್ದು ಬರುತ್ತದೆ. ‘ಅದು ಮೊದಲೇ ಇತ್ರಿ, ದೊಡ್ಡ ಸೌಂಡಿನಾಗ ಕೇಳ್ತಿರಲಿಲ್ಲ’ ಎನ್ನುತ್ತಾನೆ ಉಸ್ತಾದ. ಎಷ್ಟೋ ಸಲ ಅದು ನಿಜ. ಆದರೆ ರಿಪೇರಿಯೇ ಹೆತ್ತ ಆಗಮವೂ ಉಂಟು. ಅದಕ್ಕೆ ಮೂರನೆಯ ಸೂತ್ರ:

ಗಾಲಿ ನೇಲ್ವಾಗಳ್ ಬುಶ್ಶಂ ಬಿಗಿಯಲಾಗದು.

ವೃತ್ತಿ: ಲೋವರ್ ಆರ್ಮಿನ ಬುಶ್ ಬಾಗಿಲ ಕೀಲಿನಂತೆ ತಿರುಗುವುದಿಲ್ಲ. ಅದರ ರಬ್ಬರು ಒಳಗಿನ ಹೊರಗಿನ ಕಬ್ಬಿಣಕ್ಕೆ ಅಂಟಿಕೊಂಡಿದ್ದು, ತಾನೇ ತಿರುಚಿಕೊಂಡು ಬಿಡಿಸಿಕೊಳ್ಳುತ್ತದೆ. ಜಾಕಿನ ಮೇಲೆ ಗಾಲಿ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರಾ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿ ಸಂಸಾರ ಮಾಡಬೇಕು. ಬಲುಬೇಗ ಹರಿಯುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಗಾಲಿಯ ಮೇಲೆ ಗಾಡಿಯ ಭಾರ ಬಿಟ್ಟು, ಬಾನೆಟ್ ಎರಡು ಸಲ ಒತ್ತಿ, ಆಮೇಲೆ ಪೂರಾ ಬಿಗಿಯುವುದು ಕ್ರಮ. ‘ಕಂಪನಿ ಬುಶ್ಶೇ ಡೂಪ್ಲಿಕೇಟ್ ಬರಲತ್ತಾವ’ ಎಂಬ ಅಪವಾದದಲ್ಲಿ ಎಷ್ಟೋ ಪಾಲು ಈ ಸೂತ್ರದ ಉಲ್ಲಂಘನೆ.

ಅವ್ಯಯ ಪ್ರಕರಣ

ಗಾಡಿ ನಿಂತು ಎಂಜಿನ್ ಓಡುತ್ತಿರುವಾಗಲೂ ಇರುವ ಸದ್ದು ಅವ್ಯಯ. ತಗ್ಗು, ತಿರುವು ಯಾವುದೂ ಅದರ ರೂಪ ಬದಲಿಸದು. ಸೈಲೆನ್ಸರಿನ ರಬ್ಬರ್ ನೋಡಿ. ಸ್ಟೆಪ್ನಿ, ಜಾಕು, ಪಾನೆಯ ಸದ್ದೂ ಈ ಶಾಸ್ತ್ರದ ಹೊರಗಿನದು. ಡಿಕ್ಕಿ ಖಾಲಿ ಮಾಡದೆ ಗ್ಯಾರೇಜಿಗೆ ಬಂದವರಿಗೆ ಪ್ರವೇಶವಿಲ್ಲ.

ಕ್ರಯ ಪ್ರಕರಣ

ಸದ್ದು ಹೋಗದಿದ್ದಾಗ ಗಾಡಿಯೇ ಹೋಗುತ್ತದೆ. ಮಾರುವವನು ಖರೀದಿದಾರನನ್ನು ಕೂರಿಸಿಕೊಂಡು ಜೇವರ್ಗಿಯಿಂದ ನೇರ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಏರಿಸುತ್ತಾನೆ, ಗಾಜು ಮುಚ್ಚಿ ಎಸಿ ಹಾಕುತ್ತಾನೆ, ತತ್ತ್ವಪದ ಹಚ್ಚುತ್ತಾನೆ. ದೇಹ ನಶ್ವರ ಎಂಬ ಆ ಉಪದೇಶ ಬುಶ್ಶಿಗೂ ಅನ್ವಯಿಸುತ್ತದೆಂಬುದು ಆಗ ಯಾರಿಗೂ ಹೊಳೆಯುವುದಿಲ್ಲ. ‘ಗಾಡಿ ಒಂದ್ ನಂಬರ್ ಅದರಿ ಸರ್, ನಮ್ಮ ಕಾಕಾ ಬರೀ ಗುಡಿಗಿ ಹೋಗಾಕ ಇಟ್ಕೊಂಡಿದ್ರು.’ ಖರೀದಿದಾರನು ಇದಕ್ಕೆ ಮರುಮಾತಾಡದೆ ಹಾಡು ಬಂದ್ ಮಾಡಿಸಿ, ಎರಡೂ ಗಾಜು ಇಳಿಸಿ, ಗಾಡಿಯನ್ನು ಹೆದ್ದಾರಿಯಿಂದ ಹೊಲದ ದಾರಿಗೆ ತಿರುಗಿಸಲು ಹೇಳತಕ್ಕದ್ದು. ಅಲ್ಲಿ ಎಡಗಾಲಿ ಮಾತ್ರ ಒಂದು ಸಲ, ಬಲಗಾಲಿ ಮಾತ್ರ ಒಂದು ಸಲ, ಎರಡೂ ಕೂಡಿ ಒಂದು ಸಲ. ನಿಂತಲ್ಲೇ ಸ್ಟೀರಿಂಗ್ ಈ ಕಡೆಯಿಂದ ಆ ಕಡೆಗೆ. ಇಷ್ಟರ ನಡುವೆ ಮಾರುವವನು ‘ಹಾಡು ಬ್ಯಾಡೇನ್ರಿ?’ ಎಂದು ಮತ್ತೆ ಮತ್ತೆ ಕೇಳಿದರೆ, ಹೇಳಿದ ಬೆಲೆಯಲ್ಲಿ ಎರಡು ಶಾಕಪ್, ನಾಲ್ಕು ಬುಶ್, ಒಂದು ಅಲೈನ್‌ಮೆಂಟ್ ಕಳೆದು ಮಾತು ಶುರುಮಾಡಬೇಕು.